ಸಲಹೆಗೆ ಉತ್ತರ ಯಾರು ಕೊಡಬೇಕು? ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣ ಮತ್ತು ಸಮುದಾಯ ಸಲಹಾ ಸಮಿತಿಗಳು

ಅಂಗವೈಕಲ್ಯವಿರುವ ಮಗುವಿನ ತಂದೆತಾಯಿ ಶಾಲೆಯವರೊಂದಿಗೆ ಕೂತು ಮಾತಾಡುವಾಗ ಚರ್ಚೆ ಸಹಜವಾಗಿಯೇ ಆ ಒಂದು ಮಗುವಿನ ಸುತ್ತ ಇರುತ್ತದೆ. ಈ ವರ್ಷ ಅದು ಏನನ್ನು ಕಲಿಯಬೇಕು, ಪರೀಕ್ಷೆಗೆ ಎಷ್ಟು ಹೆಚ್ಚುವರಿ ಸಮಯ ಬೇಕು, ತರಗತಿಯಲ್ಲಿ ಯಾರ ನೆರವು ಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಅನೇಕ ದೇಶಗಳಲ್ಲಿ ಈ ತೀರ್ಮಾನಗಳನ್ನು ವೈಯಕ್ತಿಕ ಶಿಕ್ಷಣ ಯೋಜನೆ ಎಂಬ ದಾಖಲೆಯಲ್ಲಿ ಬರೆದಿಡುವ ಕ್ರಮವೂ ಇದೆ. ಆದರೆ ಆ ಸಭೆಯಲ್ಲಿರುವ ಶಿಕ್ಷಕರಾಗಲಿ ಮುಖ್ಯೋಪಾಧ್ಯಾಯರಾಗಲಿ ತಮ್ಮ ಕೈಯಲ್ಲಿ ಇಲ್ಲದ್ದನ್ನು ಕೊಡಲಾರರು. ಇಡೀ ಜಿಲ್ಲೆಗೆ ಒಬ್ಬರೇ ಸ್ಪೀಚ್ ಥೆರಪಿಸ್ಟ್ ಇದ್ದರೆ, ಸನ್ನೆ ಭಾಷೆ ಬಲ್ಲ ಶಿಕ್ಷಕರ ಹುದ್ದೆಯೇ ಮಂಜೂರಾಗಿರದಿದ್ದರೆ, ಗಾಲಿಕುರ್ಚಿ ಏರಿಸಬಲ್ಲ ಬಸ್ಸನ್ನು ಯಾರೂ ಖರೀದಿಸಿರದಿದ್ದರೆ, ಆ ಕೊರತೆಯನ್ನು ಒಂದು ಮಗುವಿನ ಯೋಜನೆಯಲ್ಲಿ ಬರೆದು ತುಂಬಿಸಲಾಗದು. ಹುದ್ದೆ, ಹಣ, ಕಟ್ಟಡ, ಸಾರಿಗೆ ಇವೆಲ್ಲ ನಿರ್ಧಾರವಾಗುವ ಜಾಗವೇ ಬೇರೆ, ಮತ್ತು ಅಲ್ಲಿ ಸಾಮಾನ್ಯವಾಗಿ ತಂದೆತಾಯಿ ಇರುವುದಿಲ್ಲ.

ಸಮುದಾಯ ಸಲಹಾ ಸಮಿತಿ ಎಂಬ ವ್ಯವಸ್ಥೆ ಹುಟ್ಟಿದ್ದು ಈ ಅಂತರವನ್ನು ತುಂಬಲೆಂದು. ಪೋಷಕರು, ಅಂಗವೈಕಲ್ಯವಿರುವ ವ್ಯಕ್ತಿಗಳು, ಶಿಕ್ಷಕರು ಮತ್ತು ಸ್ಥಳೀಯ ಸಂಘಟನೆಗಳ ಪ್ರತಿನಿಧಿಗಳು ಒಂದೆಡೆ ಸೇರಿ, ಒಂದು ಮಗುವಿನ ಬದಲು ಇಡೀ ಪ್ರದೇಶದ ವಿಶೇಷ ಶಿಕ್ಷಣ ವ್ಯವಸ್ಥೆಯ ಬಗ್ಗೆ ಆಡಳಿತಕ್ಕೆ ಸಲಹೆ ಕೊಡಬೇಕೆಂಬುದು ಇದರ ಉದ್ದೇಶ. ಇಂತಹ ಸಮಿತಿಗಳಿಗೆ ಅಧಿಕಾರ ಇಲ್ಲ, ಸಲಹೆ ಮಾತ್ರ ಕೊಡಬಲ್ಲವು, ಆದ್ದರಿಂದ ಅವು ನಾಮಕಾವಸ್ತೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಈ ದೂರಿನಲ್ಲಿ ಅರ್ಧ ಮಾತ್ರ ನಿಜವಿದೆ ಎಂಬುದು ನನ್ನ ಅಭಿಪ್ರಾಯ. ಬೇರೆ ಬೇರೆ ಕಾನೂನುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸಲಹೆಗೆ ತೂಕ ಬರುವುದು ಮೂರು ಸಂಗತಿಗಳಿಂದ: ನಿರ್ಧಾರ ಆಗುವ ಮುನ್ನ ಸಲಹೆ ಕೇಳುವ ಬಾಧ್ಯತೆ ಆಡಳಿತಕ್ಕೆ ಇದೆಯೇ, ಸಲಹೆ ಕೊಡುವವರ ಕೈಗೆ ಅಂಕಿಅಂಶ ಸಿಗುತ್ತದೆಯೇ, ಮತ್ತು ಸಲಹೆಯನ್ನು ಒಪ್ಪದಿದ್ದಾಗ ಆಡಳಿತ ಕಾರಣ ಹೇಳಬೇಕೇ. ಈ ಮೂರೂ ಇಲ್ಲದ ಕಡೆ ಸಮಿತಿಗೆ ಎಷ್ಟು ದೊಡ್ಡ ಹೆಸರಿಟ್ಟರೂ ಮಕ್ಕಳಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಅಮೆರಿಕದ ಕಾನೂನನ್ನು ಮೊದಲು ನೋಡಬಹುದು, ಏಕೆಂದರೆ ಅಲ್ಲಿ ಈ ವ್ಯವಸ್ಥೆ ಹಳೆಯದು. 1970ರ ದಶಕದ ಆರಂಭದವರೆಗೂ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅಂಗವಿಕಲ ಮಕ್ಕಳು ಸರ್ಕಾರಿ ಶಾಲೆಗಳಿಂದ ಸಂಪೂರ್ಣವಾಗಿ ಹೊರಗಿದ್ದರೆಂದು ಅಲ್ಲಿನ ಸಂಸತ್ತೇ ದಾಖಲಿಸಿದೆ. ಪೆನ್ಸಿಲ್ವೇನಿಯಾದಲ್ಲಿ ಮತ್ತು ರಾಜಧಾನಿ ವಾಷಿಂಗ್ಟನ್‌ನಲ್ಲಿ ಪೋಷಕರು ನ್ಯಾಯಾಲಯಕ್ಕೆ ಹೋಗಿ 1972ರ ವೇಳೆಗೆ ಅನುಕೂಲಕರ ಆದೇಶಗಳನ್ನು ಪಡೆದರು. ಅದರ ಬೆನ್ನಲ್ಲೇ 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆ, ಮುಂದೆ 1990ರಲ್ಲಿ ಐಡಿಇಎ (ಅಂಗವೈಕಲ್ಯವಿರುವವರ ಶಿಕ್ಷಣ ಕಾಯ್ದೆ) ಎಂಬ ಹೆಸರು ಪಡೆಯಿತು. ಪೋಷಕರ ಹೋರಾಟದಿಂದ ಬಂದ ಕಾನೂನಾದ್ದರಿಂದ ಪೋಷಕರಿಗೆ ಅದರೊಳಗೆ ಜಾಗ ಸಿಕ್ಕಿತು. ಈಗಿನ ರೂಪದಲ್ಲಿ ಪ್ರತಿ ರಾಜ್ಯವೂ ವಿಶೇಷ ಶಿಕ್ಷಣಕ್ಕೆ ಒಂದು ಸಲಹಾ ಮಂಡಳಿಯನ್ನು ಇಟ್ಟುಕೊಳ್ಳಲೇಬೇಕು. ಅದರ ಬಹುಪಾಲು ಸದಸ್ಯರು ಅಂಗವೈಕಲ್ಯವಿರುವವರು ಅಥವಾ ಅಂತಹ ಮಕ್ಕಳ ತಂದೆತಾಯಿಯೇ ಆಗಿರಬೇಕು. ರಾಜ್ಯದಲ್ಲಿ ಈಡೇರದೆ ಉಳಿದಿರುವ ಅಗತ್ಯಗಳನ್ನು ತಿಳಿಸುವುದು, ಹೊಸ ನಿಯಮಗಳ ಕರಡಿನ ಬಗ್ಗೆ ಸಾರ್ವಜನಿಕವಾಗಿ ಅಭಿಪ್ರಾಯ ಹೇಳುವುದು, ಕೇಂದ್ರದ ತಪಾಸಣೆಯಲ್ಲಿ ಕಂಡ ಲೋಪಗಳನ್ನು ಸರಿಪಡಿಸುವ ಯೋಜನೆಗೆ ಸಲಹೆ ನೀಡುವುದು ಅದರ ಕೆಲಸ.

ರಾಜ್ಯ ಮಟ್ಟದ ಮಂಡಳಿ ತಂದೆತಾಯಿಗೆ ದೂರದ್ದು. ಕ್ಯಾಲಿಫೋರ್ನಿಯಾ ಅದಕ್ಕಿಂತ ಕೆಳಗೆ ಇಳಿದಿದೆ. ಅಲ್ಲಿ ವಿಶೇಷ ಶಿಕ್ಷಣವನ್ನು ಪ್ರಾದೇಶಿಕ ಯೋಜನಾ ವಲಯಗಳ ಮೂಲಕ ನಡೆಸಲಾಗುತ್ತದೆ, ಮತ್ತು ಪ್ರತಿ ವಲಯದಲ್ಲಿ ಒಂದು ಸಮುದಾಯ ಸಲಹಾ ಸಮಿತಿ ಇರುವುದು ಕಡ್ಡಾಯ. ಸಮಿತಿಯಲ್ಲಿ ಪೋಷಕರೇ ಬಹುಮತದಲ್ಲಿರಬೇಕು, ಆ ಪೋಷಕರಲ್ಲೂ ಬಹುಪಾಲು ಜನ ವಿಶೇಷ ಅಗತ್ಯವಿರುವ ಮಕ್ಕಳ ಪೋಷಕರಾಗಿರಬೇಕು ಎಂದು ಶಿಕ್ಷಣ ಸಂಹಿತೆ ಎರಡು ಸಲ ಅಳತೆ ಹಾಕುತ್ತದೆ. ವಲಯದ ಯೋಜನೆಯನ್ನು ರಾಜ್ಯಕ್ಕೆ ಸಲ್ಲಿಸುವ ಮುನ್ನ ಸಮಿತಿಗೆ ಅದನ್ನು ಪರಿಶೀಲಿಸಲು ಕನಿಷ್ಠ 30 ದಿನಗಳ ಕಾಲಾವಕಾಶ ಕೊಟ್ಟದ್ದಕ್ಕೆ ದೃಢೀಕರಣ ಇರಬೇಕು. ಓದುವಾಗ ಸಣ್ಣ ತಾಂತ್ರಿಕ ಅಂಶದಂತೆ ಕಾಣುವ ಈ 30 ದಿನವೇ ನನಗೆ ಬಹಳ ಮುಖ್ಯವೆನಿಸುತ್ತದೆ. ಸಮಿತಿಗಳು ಸೋಲುವುದು ಹೆಚ್ಚಾಗಿ ಹೀಗೆ: ನೂರಾರು ಪುಟಗಳ ಯೋಜನೆಯನ್ನು ಸಭೆಯ ದಿನವೇ ಮೇಜಿನ ಮೇಲಿಟ್ಟು, ಸಂಜೆಯೊಳಗೆ ಎಲ್ಲರ ಸಹಿ ಪಡೆದು, ಸಮುದಾಯದೊಂದಿಗೆ ಸಮಾಲೋಚಿಸಲಾಗಿದೆ ಎಂದು ನಡಾವಳಿಯಲ್ಲಿ ಬರೆದುಕೊಳ್ಳುತ್ತಾರೆ. ಓದಲು ಸಮಯ ಕೊಡುವುದನ್ನು ಕಾನೂನೇ ನಿಗದಿ ಮಾಡಿದರೆ ಈ ದಾರಿ ಮುಚ್ಚುತ್ತದೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ನಿಯಮಗಳು ಇನ್ನೂ ವಿವರವಾಗಿವೆ. 1980ರಲ್ಲಿ ಅಲ್ಲಿನ ಶಾಸನಸಭೆ ಅಂಗೀಕರಿಸಿದ 82ನೇ ಮಸೂದೆಯು ಶಾಲಾ ಮಂಡಳಿಗಳು ವಿಶೇಷ ಶಿಕ್ಷಣ ನೀಡುವುದನ್ನು ಕಡ್ಡಾಯಗೊಳಿಸಿತು. ಇಂದು ಜಾರಿಯಲ್ಲಿರುವ 464/97 ಸಂಖ್ಯೆಯ ನಿಯಮಾವಳಿಯ ಪ್ರಕಾರ ಪ್ರತಿ ಜಿಲ್ಲಾ ಶಾಲಾ ಮಂಡಳಿಯೂ ವಿಶೇಷ ಶಿಕ್ಷಣ ಸಲಹಾ ಸಮಿತಿಯನ್ನು ರಚಿಸಬೇಕು. ಪ್ರಾಂತ್ಯ ಮಟ್ಟದ ಸಂಘಟನೆಗಳ ಸ್ಥಳೀಯ ಶಾಖೆಗಳಿಂದ ಗರಿಷ್ಠ 12 ಪ್ರತಿನಿಧಿಗಳು, ಅವರಿಗೆ ಬದಲಿ ಸದಸ್ಯರು, ಮಂಡಳಿಯ ಚುನಾಯಿತ ಸದಸ್ಯರು, ಮೂಲನಿವಾಸಿ ಮಕ್ಕಳ ಹಿತವನ್ನು ಪ್ರತಿನಿಧಿಸುವವರು ಅದರಲ್ಲಿರುತ್ತಾರೆ. ಮಂಡಳಿಯ ನೌಕರರು ಸದಸ್ಯರಾಗುವಂತಿಲ್ಲ. ಶೈಕ್ಷಣಿಕ ವರ್ಷದಲ್ಲಿ ಕನಿಷ್ಠ 10 ಸಭೆ ನಡೆಯಬೇಕು. ವಿಶೇಷ ಶಿಕ್ಷಣ ಯೋಜನೆಯ ವಾರ್ಷಿಕ ಪರಿಶೀಲನೆಯಲ್ಲಿ, ಆಯವ್ಯಯ ಸಿದ್ಧಪಡಿಸುವ ಪ್ರಕ್ರಿಯೆಯಲ್ಲಿ ಮತ್ತು ಖರ್ಚಿನ ಲೆಕ್ಕಪತ್ರದ ಪರಿಶೀಲನೆಯಲ್ಲಿ ಭಾಗವಹಿಸುವ ಅವಕಾಶವನ್ನು ಸಮಿತಿಗೆ ಮಂಡಳಿಯೇ ಒದಗಿಸಬೇಕು. ಸಮಿತಿ ಮಾಡಿದ ಶಿಫಾರಸಿನ ಬಗ್ಗೆ ಮಂಡಳಿ ತೀರ್ಮಾನ ತೆಗೆದುಕೊಳ್ಳುವ ಮುನ್ನ ಸಮಿತಿಯ ಮಾತನ್ನು ಆಲಿಸಬೇಕು.

ಈ ಪಟ್ಟಿಯಲ್ಲಿ ಎಲ್ಲಿಯೂ ಸಮಿತಿಯ ಮಾತೇ ಅಂತಿಮ ಎಂದಿಲ್ಲ. ಆದರೂ ಯೋಜನೆ, ಆಯವ್ಯಯ ಮತ್ತು ಲೆಕ್ಕಪತ್ರ ಮೂರನ್ನೂ ಒಂದೇ ಗುಂಪಿನ ಜನ ನೋಡುವಂತಾದರೆ ಆಡಳಿತದ ನಡವಳಿಕೆ ಬದಲಾಗುತ್ತದೆ. ಕಳೆದ ವರ್ಷ ಸಹಾಯಕ ಸಿಬ್ಬಂದಿಗೆಂದು ತೋರಿಸಿದ ಹಣ ಈ ವರ್ಷ ಲೆಕ್ಕದಲ್ಲಿ ಬೇರೆ ಶೀರ್ಷಿಕೆಯಡಿ ಕಂಡುಬಂದರೆ, ಅದನ್ನು ಗುರುತಿಸಲು ಹಿಂದಿನ ವರ್ಷವೂ ಆ ಸಭೆಯಲ್ಲಿ ಕೂತಿದ್ದವರು ಬೇಕು. ಅಧಿಕಾರಿಗಳಿಗೆ ವರ್ಗಾವಣೆಯಾಗುತ್ತದೆ, ಚುನಾಯಿತರ ಅವಧಿ ಮುಗಿಯುತ್ತದೆ. ಅಂಗವೈಕಲ್ಯವಿರುವ ಮಗುವಿನ ತಾಯಿ ಮಾತ್ರ ಹತ್ತು ಹನ್ನೆರಡು ವರ್ಷ ಅದೇ ವ್ಯವಸ್ಥೆಯೊಂದಿಗೆ ವ್ಯವಹರಿಸುತ್ತಲೇ ಇರುತ್ತಾಳೆ. ಒಂದು ಕಚೇರಿಯ ಕಡತಗಳಿಗಿಂತ ಹೆಚ್ಚಿನ ನೆನಪು ಅವಳಲ್ಲಿರುತ್ತದೆ. ಸಲಹಾ ಸಮಿತಿಯ ನಿಜವಾದ ಬಂಡವಾಳ ಈ ನೆನಪು ಎಂದು ನಾನು ಭಾವಿಸುತ್ತೇನೆ, ಮತ್ತು ಒಂಟಾರಿಯೊದ ನಿಯಮಾವಳಿ ಅದನ್ನು ಬಳಸಿಕೊಳ್ಳುವಂತೆ ರೂಪುಗೊಂಡಿದೆ.

ಇಂಗ್ಲೆಂಡಿನ ಮಾದರಿ ಬೇರೆ ಬಗೆಯದು. ಅಲ್ಲಿನ 2014ರ ಮಕ್ಕಳ ಮತ್ತು ಕುಟುಂಬಗಳ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಆಡಳಿತವು ತನ್ನ ಪ್ರದೇಶದಲ್ಲಿ ವಿಶೇಷ ಅಗತ್ಯವಿರುವ ಮಕ್ಕಳಿಗೆ ಲಭ್ಯವಿರುವ ಸೇವೆಗಳ ವಿವರವನ್ನು ಪ್ರಕಟಿಸಬೇಕು. ಅದರ ಬಗ್ಗೆ ಮಕ್ಕಳು ಮತ್ತು ಪೋಷಕರು ಹೇಳಿದ ಅಭಿಪ್ರಾಯಗಳನ್ನೂ, ಆ ಅಭಿಪ್ರಾಯಗಳಿಗೆ ಆಡಳಿತ ನೀಡುವ ಉತ್ತರವನ್ನೂ, ಕೈಗೊಳ್ಳಲಿರುವ ಕ್ರಮದ ವಿವರದೊಂದಿಗೆ ಪ್ರಕಟಿಸಬೇಕು. ಪೋಷಕರ ವೇದಿಕೆಗಳು ಅಲ್ಲಿ ಬೇರೆಯಾಗಿಯೇ ಇವೆ, ಅವಕ್ಕೆ ಸರ್ಕಾರದ ಅನುದಾನವೂ ಸಿಗುತ್ತದೆ. ಈ ವ್ಯವಸ್ಥೆಯಿಂದ ಅಲ್ಲಿನ ಪೋಷಕರ ಕಷ್ಟಗಳೆಲ್ಲ ಬಗೆಹರಿದಿವೆ ಎಂದು ಹೇಳುವಂತಿಲ್ಲ. ಸೇವೆಗಳ ಕೊರತೆ, ವಿಳಂಬ, ಮೇಲ್ಮನವಿಗಳ ರಾಶಿ ಅಲ್ಲಿಯೂ ದೊಡ್ಡ ಸಾರ್ವಜನಿಕ ಚರ್ಚೆಯ ವಿಷಯ. ಆದರೆ ಉತ್ತರಿಸುವ ಹೊಣೆಯನ್ನು ಕಾನೂನಿನ ಪಠ್ಯದಲ್ಲೇ ಬರೆದದ್ದು ಅನುಕರಣೆಗೆ ಯೋಗ್ಯ. ನಿರಾಕರಣೆ ಬರಹದಲ್ಲಿದ್ದರೆ ಅದನ್ನು ಪ್ರಶ್ನಿಸಬಹುದು, ಮೇಲಿನ ಪ್ರಾಧಿಕಾರದ ಮುಂದೆ ಇಡಬಹುದು. ಮೌನವನ್ನು ಯಾರ ಮುಂದೆಯೂ ಇಡಲಾಗದು.

ಅಂಕಿಅಂಶದ ವಿಷಯಕ್ಕೆ ಬಂದರೆ, ಅಮೆರಿಕದ ಟೆಕ್ಸಾಸ್ ರಾಜ್ಯದ ಘಟನೆಯನ್ನು ಮರೆಯುವಂತಿಲ್ಲ. 2004ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಶಾಲಾ ಜಿಲ್ಲೆಗಳ ಕಾರ್ಯಕ್ಷಮತೆ ಅಳೆಯುವ ಸೂಚಕಗಳಲ್ಲಿ ಒಂದನ್ನು ಹೊಸದಾಗಿ ಸೇರಿಸಿತು: ಒಟ್ಟು ವಿದ್ಯಾರ್ಥಿಗಳಲ್ಲಿ ಶೇ 8.5ಕ್ಕಿಂತ ಹೆಚ್ಚು ಮಕ್ಕಳು ವಿಶೇಷ ಶಿಕ್ಷಣ ಪಡೆಯುತ್ತಿದ್ದರೆ ಆ ಜಿಲ್ಲೆಗೆ ಅಂಕ ಕಡಿಮೆ. ರಾಷ್ಟ್ರೀಯ ಪ್ರಮಾಣ ಶೇ 13ರ ಆಸುಪಾಸಿನಲ್ಲಿತ್ತು. ಶಾಲೆಗಳು ಮಕ್ಕಳನ್ನು ಗುರುತಿಸುವುದನ್ನೇ ತಡೆಹಿಡಿದವು, ಅರ್ಹ ಮಕ್ಕಳು ವರ್ಷಗಟ್ಟಲೆ ನೆರವಿಲ್ಲದೆ ಉಳಿದರು. ಇದು ದೇಶದ ಗಮನಕ್ಕೆ ಬಂದದ್ದು 2016ರಲ್ಲಿ, ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆಯ ತನಿಖಾ ವರದಿಗಳಿಂದ. 2017ರಲ್ಲಿ ರಾಜ್ಯದ ಶಾಸನಸಭೆ ಇಂತಹ ಮಿತಿಯನ್ನು ನಿಷೇಧಿಸಿತು, 2018ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ರಾಜ್ಯವು ಕಾನೂನು ಉಲ್ಲಂಘಿಸಿದೆ ಎಂದು ತೀರ್ಮಾನಿಸಿತು. ಪೋಷಕರೇ ಬಹುಮತದಲ್ಲಿರುವ ಸಲಹಾ ಮಂಡಳಿ ಇರಬೇಕೆಂಬ ಕಾನೂನು ಈ ಎಲ್ಲ ವರ್ಷಗಳಲ್ಲಿ ಟೆಕ್ಸಾಸ್‌ಗೂ ಅನ್ವಯಿಸುತ್ತಿತ್ತು.

ಆ ಮಕ್ಕಳ ಪೈಕಿ ಪ್ರತಿಯೊಬ್ಬರ ಮನೆಯಲ್ಲೂ ತಮ್ಮ ಮಗುವಿಗೆ ಮಾತ್ರ ಹೀಗಾಗಿದೆ ಎಂದೇ ಅಂದುಕೊಂಡಿರಬೇಕು. ಒಂದು ಮನೆಯ ನಿರಾಕರಣೆ ದುರದೃಷ್ಟದಂತೆ ಕಾಣುತ್ತದೆ. ಸಾವಿರ ಮನೆಗಳ ನಿರಾಕರಣೆಯನ್ನು ಒಂದೇ ಕೋಷ್ಟಕದಲ್ಲಿಟ್ಟಾಗ ಅದರ ಹಿಂದಿನ ನೀತಿ ಬಯಲಾಗುತ್ತದೆ. ಹಾಗಾಗಿ ಯಾವುದೇ ಸಲಹಾ ಸಮಿತಿ ಪ್ರತಿ ವರ್ಷ ಕೇಳಿ ಪಡೆಯಬೇಕಾದ ಕೆಲವು ಸಂಖ್ಯೆಗಳಿವೆ. ಎಷ್ಟು ಮಕ್ಕಳನ್ನು ಮೌಲ್ಯಮಾಪನಕ್ಕೆ ಸೂಚಿಸಲಾಯಿತು, ಅವರಲ್ಲಿ ಎಷ್ಟು ಮಂದಿಗೆ ನೆರವು ದೊರೆಯಿತು, ಎಷ್ಟು ದಿನ ಕಾಯಬೇಕಾಯಿತು, ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಖಾಲಿ ಇವೆ, ಎಷ್ಟು ಮಕ್ಕಳು ಪೂರ್ತಿ ದಿನ ಶಾಲೆಯಲ್ಲಿರುತ್ತಾರೆ, ಎಷ್ಟು ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿದ್ದು ಮಗು ಮಾತ್ರ ಮನೆಯಲ್ಲಿದೆ ಎಂಬುದು ತಿಳಿಯಬೇಕು. ಮಕ್ಕಳ ಹೆಸರು ಬೇಕಿಲ್ಲ, ಬೇಡವೂ ಬೇಡ. ಯಾವುದೋ ಒಂದು ಶಾಲೆಯಲ್ಲಿ ಒಂದೇ ಮಗುವಿಗೆ ಒಂದು ಬಗೆಯ ಅಂಗವೈಕಲ್ಯವಿದ್ದಾಗ ಸಂಖ್ಯೆಯೇ ಗುರುತನ್ನು ಬಿಟ್ಟುಕೊಡಬಹುದಾದ್ದರಿಂದ ಅಂತಹ ಸಂದರ್ಭದಲ್ಲಿ ಹಲವು ಶಾಲೆಗಳ ಲೆಕ್ಕವನ್ನು ಕೂಡಿಸಿ ತೋರಿಸಬೇಕು. ಆದರೆ ಗೋಪ್ಯತೆಯ ನೆಪ ಹೇಳಿ ಒಟ್ಟು ಸಂಖ್ಯೆಯನ್ನೇ ಕೊಡದಿರುವುದನ್ನು ಸಮಿತಿ ಒಪ್ಪಬಾರದು.

ಸಮಿತಿಯಲ್ಲಿ ಯಾರಿರಬೇಕು ಎಂಬ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡ ಮಕ್ಕಳ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಸನ್ನೆ ಭಾಷೆಯ ಬದಲು ಮಾತಿನ ಪದ್ಧತಿಯಲ್ಲೇ ಕಲಿಸಬೇಕೆಂದು ಅದು ನಿರ್ಣಯಿಸಿತು. ಅಲ್ಲಿದ್ದ 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. ಆ ನಿರ್ಣಯದ ಪರಿಣಾಮವಾಗಿ ಅನೇಕ ದೇಶಗಳ ಶಾಲೆಗಳಿಂದ ಸನ್ನೆ ಭಾಷೆ ದಶಕಗಳ ಕಾಲ ಹೊರಬಿದ್ದಿತು, ತಲೆಮಾರುಗಳ ಮಕ್ಕಳು ತಮಗೆ ಪೂರ್ತಿಯಾಗಿ ಒದಗುವ ಭಾಷೆಯಿಲ್ಲದೆ ಬೆಳೆದರು. 2010ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸಮ್ಮೇಳನ ಸರಣಿಯ ಸಭೆ ಮಿಲಾನ್ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿತು. ನಡುವೆ 130 ವರ್ಷ ಕಳೆದಿದ್ದವು.

ಮಿಲಾನ್‌ನಲ್ಲಿ ಸೇರಿದ್ದವರು ಮಕ್ಕಳ ಶತ್ರುಗಳಾಗಿರಲಿಲ್ಲ. ಅವರಲ್ಲಿ ಬಹುಪಾಲು ಜನ ಜೀವನವನ್ನೇ ಆ ಮಕ್ಕಳಿಗಾಗಿ ಮುಡಿಪಿಟ್ಟ ಶಿಕ್ಷಕರು. ಹಿತ ಬಯಸುವುದು ಬೇರೆ, ಪ್ರತಿನಿಧಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಪೋಷಕರ ವಿಷಯದಲ್ಲೂ ಈ ಎಚ್ಚರ ಬೇಕಾಗುತ್ತದೆ. ಹುಟ್ಟುವ ಕಿವುಡ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳ ತಂದೆತಾಯಿ ಕೇಳಬಲ್ಲವರು. ಅವರ ಪ್ರೀತಿಯ ಬಗ್ಗೆ ಸಂದೇಹವಿಲ್ಲ, ಆದರೆ ಕಿವುಡರಾಗಿ ತರಗತಿಯಲ್ಲಿ ಕೂರುವುದು ಹೇಗಿರುತ್ತದೆಂದು ಅವರು ಅನುಭವಿಸಿ ತಿಳಿದವರಲ್ಲ. ಆದ್ದರಿಂದ ಪೋಷಕರ ಜೊತೆಗೆ, ಅದೇ ಶಾಲಾ ವ್ಯವಸ್ಥೆಯಲ್ಲಿ ಓದಿ ಹೊರಬಂದ ಅಂಗವೈಕಲ್ಯವಿರುವ ವಯಸ್ಕರು ಸಮಿತಿಯಲ್ಲಿ ಇರಲೇಬೇಕು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 4ನೇ ವಿಧಿಯ 3ನೇ ಉಪವಿಧಿ ಇದನ್ನೇ ಹೇಳುತ್ತದೆ: ತಮಗೆ ಸಂಬಂಧಿಸಿದ ನಿರ್ಧಾರಗಳಲ್ಲಿ ಅಂಗವೈಕಲ್ಯವಿರುವ ವ್ಯಕ್ತಿಗಳನ್ನು, ಮಕ್ಕಳನ್ನೂ ಒಳಗೊಂಡಂತೆ, ಅವರ ಪ್ರಾತಿನಿಧಿಕ ಸಂಘಟನೆಗಳ ಮೂಲಕ ತೊಡಗಿಸಿಕೊಳ್ಳಬೇಕು. 2006ರಲ್ಲಿ ಅಂಗೀಕಾರಗೊಂಡ ಈ ಒಡಂಬಡಿಕೆಯ ಸಮಿತಿ 2018ರಲ್ಲಿ ಹೊರಡಿಸಿದ 7ನೇ ಸಾಮಾನ್ಯ ವ್ಯಾಖ್ಯಾನವು ಅಂಗವಿಕಲರೇ ನಡೆಸುವ ಸಂಘಟನೆಗಳಿಗೂ ಅಂಗವಿಕಲರಿಗಾಗಿ ಇತರರು ನಡೆಸುವ ಸಂಸ್ಥೆಗಳಿಗೂ ಇರುವ ವ್ಯತ್ಯಾಸವನ್ನು ಒತ್ತಿ ಹೇಳಿದೆ.

ಸದಸ್ಯತ್ವ ಕೊಟ್ಟ ಮಾತ್ರಕ್ಕೆ ಬಾಗಿಲು ತೆರೆದಂತಾಗುವುದಿಲ್ಲ. ಹಗಲು ಹನ್ನೊಂದು ಗಂಟೆಗೆ ಸಭೆ ಇಟ್ಟರೆ ಕೂಲಿ ಮಾಡುವ ತಾಯಿ ಬರಲಾರಳು. ಬಂದರೂ ಸದಾ ನೋಡಿಕೊಳ್ಳಬೇಕಾದ ಮಗುವನ್ನು ಯಾರ ಬಳಿ ಬಿಡಬೇಕು? ಪ್ರಯಾಣ ಭತ್ಯೆ, ಸಭೆಯ ಹೊತ್ತಿಗೆ ಮಗುವಿನ ಆರೈಕೆ, ಸನ್ನೆ ಭಾಷೆಯ ದುಭಾಷಿ, ಬ್ರೈಲ್‌ನಲ್ಲಿ ಮತ್ತು ಸರಳ ಭಾಷೆಯಲ್ಲಿ ಕಾಗದಪತ್ರ ಇವನ್ನು ಸೌಜನ್ಯವೆಂದು ಪರಿಗಣಿಸದೆ ಸಮಿತಿಯ ನಿಗದಿತ ಖರ್ಚಿನಲ್ಲಿ ಸೇರಿಸಬೇಕು. ಇಲ್ಲವಾದರೆ ಸಮಿತಿಯಲ್ಲಿ ಉಳಿಯುವವರು ಬಿಡುವು, ವಾಹನ ಮತ್ತು ಆಡಳಿತದ ಭಾಷೆ ಮೂರೂ ಇರುವ ಪೋಷಕರು ಮಾತ್ರ, ಮತ್ತು ಅವರ ಮಕ್ಕಳ ಅಗತ್ಯವೇ ಎಲ್ಲ ಮಕ್ಕಳ ಅಗತ್ಯವೆಂದು ದಾಖಲಾಗುತ್ತದೆ. ತೀವ್ರ ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳು ಮತ್ತು ಶಾಲೆಗೇ ದಾಖಲಾಗದ ಮಕ್ಕಳು ಹೀಗೆ ಎಲ್ಲರಿಗಿಂತ ಮೊದಲು ಲೆಕ್ಕದಿಂದ ಜಾರಿಹೋಗುತ್ತಾರೆ. ಜಗತ್ತಿನಲ್ಲಿ ಸುಮಾರು 24 ಕೋಟಿ ಮಕ್ಕಳಿಗೆ ಅಂಗವೈಕಲ್ಯವಿದೆಯೆಂದೂ, ಇತರ ಮಕ್ಕಳಿಗೆ ಹೋಲಿಸಿದರೆ ಇವರು ಶಾಲೆಯ ಮೆಟ್ಟಿಲನ್ನೇ ಹತ್ತದಿರುವ ಸಾಧ್ಯತೆ ಶೇ 49ರಷ್ಟು ಹೆಚ್ಚೆಂದೂ ಯೂನಿಸೆಫ್ 2021ರಲ್ಲಿ ಅಂದಾಜಿಸಿತ್ತು. ಶಾಲೆಗೆ ಬಾರದ ಮಗುವಿನ ತಾಯಿಗೆ ಶಾಲೆಯ ಸಮಿತಿಯಲ್ಲಿ ಜಾಗ ಸಿಗುವುದಾದರೂ ಹೇಗೆ ಎಂಬುದನ್ನು ಬಹುತೇಕ ಕಾನೂನುಗಳು ಯೋಚಿಸಿಯೇ ಇಲ್ಲ.

ಭಾರತದ ಕಾನೂನಿನಲ್ಲಿ ಇದಕ್ಕೆ ಸಂಬಂಧಿಸಿದ ತುಂಡುಗಳು ಎರಡು ಕಾಯ್ದೆಗಳಲ್ಲಿ ಹಂಚಿಹೋಗಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಆಡಳಿತ ಸಮಿತಿಯಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಭಾಗ ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಗುಂಪುಗಳ ಮಕ್ಕಳ ಪೋಷಕರಿಗೆ ಪ್ರಮಾಣಾನುಸಾರ ಪ್ರಾತಿನಿಧ್ಯ ಇರಬೇಕು. 2012ರ ತಿದ್ದುಪಡಿ ಅಂಗವೈಕಲ್ಯವಿರುವ ಮಕ್ಕಳನ್ನು ಈ ಗುಂಪಿಗೆ ಸೇರಿಸಿತು. ಅದೇ ತಿದ್ದುಪಡಿ ಅನುದಾನಿತ ಶಾಲೆಗಳಲ್ಲಿ ಸಮಿತಿಯ ಪಾತ್ರವನ್ನು ಸಲಹೆಗೆ ಸೀಮಿತಗೊಳಿಸಿತು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಕಲಂ ಅನ್ವಯಿಸುವುದೇ ಇಲ್ಲ. ಈ ಸಮಿತಿಯ ಹೊಣೆ 8ನೇ ತರಗತಿಯವರೆಗಿನ ಶಿಕ್ಷಣಕ್ಕೆ ಸೇರಿದ್ದು, ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಕಲಂ ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ನೀಡುತ್ತದೆ.

ಆ 2016ರ ಕಾಯ್ದೆಯಲ್ಲಿ ಕೇಂದ್ರ ಮತ್ತು ರಾಜ್ಯ ಸಲಹಾ ಮಂಡಳಿಗಳಿವೆ, ಜಿಲ್ಲಾ ಮಟ್ಟದ ಸಮಿತಿಯೂ ಇದೆ. ರಾಜ್ಯ ಮಂಡಳಿ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ಆದರೆ ಉದ್ಯೋಗ, ಆರೋಗ್ಯ, ಸಾಮಾಜಿಕ ಭದ್ರತೆ ಎಲ್ಲವೂ ಅದರ ವ್ಯಾಪ್ತಿಯಲ್ಲಿರುವಾಗ ಮಕ್ಕಳ ಶಿಕ್ಷಣಕ್ಕೆ ಸಿಗುವ ಸಮಯ ಅಷ್ಟಕ್ಕಷ್ಟೇ. ಜಿಲ್ಲಾ ಸಮಿತಿಯ ಕಾರ್ಯಗಳನ್ನು ರಾಜ್ಯ ಸರ್ಕಾರದ ನಿಯಮಗಳಿಗೆ ಬಿಡಲಾಗಿದೆ. ಹೀಗೆ ಶಾಲಾ ಹಂತದಲ್ಲಿ ಪೋಷಕರಿದ್ದಾರೆ, ಆದರೆ ವಿಶೇಷ ಶಿಕ್ಷಕರನ್ನು ನೇಮಿಸುವ ಶಕ್ತಿ ಶಾಲೆಗಿಲ್ಲ. ರಾಜ್ಯದ ಹಂತದಲ್ಲಿ ಶಕ್ತಿ ಇದೆ, ಆದರೆ ಪೋಷಕರು ದೂರ. ನಡುವಿನ ಹಂತ, ಅಂದರೆ ಹಲವು ಶಾಲೆಗಳಿಗೆ ಸರದಿಯಂತೆ ಹೋಗುವ ಸಂಪನ್ಮೂಲ ಶಿಕ್ಷಕರ ವೇಳಾಪಟ್ಟಿ ತೀರ್ಮಾನವಾಗುವ ಬ್ಲಾಕ್ ಮತ್ತು ಜಿಲ್ಲೆಯ ಹಂತದಲ್ಲಿ, ಶಿಕ್ಷಣಕ್ಕೆಂದೇ ಮೀಸಲಾದ ಸಲಹಾ ಸಮಿತಿಯನ್ನು ಈ ಎರಡು ಕಾಯ್ದೆಗಳಲ್ಲಿ ಯಾವುದೂ ರಚಿಸಿಲ್ಲ. ಕ್ಯಾಲಿಫೋರ್ನಿಯಾ ಮತ್ತು ಒಂಟಾರಿಯೊ ಸಮಿತಿಯನ್ನು ಕೂರಿಸಿರುವುದು ಸರಿಯಾಗಿ ಈ ನಡುವಿನ ಹಂತದಲ್ಲಿ. ಪ್ರಾಥಮಿಕ ಹಂತದಲ್ಲಿ ಅಂಗವೈಕಲ್ಯವಿರುವ 10 ಮಕ್ಕಳಿಗೆ ಒಬ್ಬರು, ಅದಕ್ಕಿಂತ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿದೆ. ಆ ಅನುಪಾತ ತಮ್ಮ ಜಿಲ್ಲೆಯಲ್ಲಿ ಎಷ್ಟರ ಮಟ್ಟಿಗೆ ಪಾಲನೆಯಾಗಿದೆ ಎಂದು ಪ್ರತಿ ವರ್ಷ ಅಧಿಕೃತವಾಗಿ ಕೇಳಿ ಉತ್ತರ ಪಡೆಯಬೇಕಾದವರು ಯಾರು?

ಮೇಲಿನಿಂದ ತಪಾಸಣೆ ಇದ್ದೇ ಇರುತ್ತದೆ ಎಂದು ನಂಬಿ ಕೂರುವ ಕಾಲವೂ ಇದಲ್ಲ. ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ 2025ರ ಮಾರ್ಚ್‌ನಲ್ಲಿ ತನ್ನ ಸಿಬ್ಬಂದಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಶಾಲೆಗಳಲ್ಲಿನ ತಾರತಮ್ಯದ ದೂರುಗಳನ್ನು ವಿಚಾರಿಸುವ ನಾಗರಿಕ ಹಕ್ಕುಗಳ ವಿಭಾಗಕ್ಕೂ ಆ ಕಡಿತ ತಟ್ಟಿತು. ಟೆಕ್ಸಾಸ್‌ನ ಲೋಪವನ್ನು ಅಧಿಕೃತವಾಗಿ ಎತ್ತಿ ತೋರಿಸಿದ್ದು ಅದೇ ಕೇಂದ್ರ ಇಲಾಖೆ. ಮೇಲಿನ ಕಣ್ಗಾವಲು ಕ್ಷೀಣಿಸಿದಷ್ಟೂ ಸ್ಥಳೀಯ ಸಮಿತಿಗಳ ಮೇಲಿನ ಭಾರ ಹೆಚ್ಚುತ್ತದೆ, ಮತ್ತು ಆ ಭಾರ ಹೊರಲು ಬೇಕಾದ ಮಾಹಿತಿಯ ಹಕ್ಕನ್ನು ಅವುಗಳಿಗೆ ಈಗಲೇ ಕೊಡಬೇಕಾಗುತ್ತದೆ.

ಹೊಸ ಕಾನೂನು ಬರುವವರೆಗೆ ಕಾಯದೆಯೂ ಭಾರತದಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಶಿಕ್ಷಣ ಹಕ್ಕು ಕಾಯ್ದೆಯಡಿ 2010ರಲ್ಲಿ ರಚಿಸಿದ ಕೇಂದ್ರ ನಿಯಮಗಳು ಅಂಗವೈಕಲ್ಯವಿರುವ ಮಕ್ಕಳ ಗುರುತಿಸುವಿಕೆ, ದಾಖಲಾತಿ ಮತ್ತು ಕಲಿಕೆಯ ಸೌಲಭ್ಯಗಳ ಮೇಲ್ವಿಚಾರಣೆಯನ್ನು ಶಾಲಾ ಸಮಿತಿಯ ಕರ್ತವ್ಯಗಳಲ್ಲಿ ಹೆಸರಿಸಿಯೇ ಸೇರಿಸಿವೆ. ಸಮಿತಿ ಸಿದ್ಧಪಡಿಸಬೇಕಾದ ಶಾಲಾ ಅಭಿವೃದ್ಧಿ ಯೋಜನೆ ಮೂರು ವರ್ಷಗಳದ್ದು, ಅದರೊಳಗೆ ಪ್ರತಿ ವರ್ಷದ ಉಪಯೋಜನೆ ಇರುತ್ತದೆ. ಮಕ್ಕಳ ಸಂಖ್ಯೆ, ಹೆಚ್ಚುವರಿ ಶಿಕ್ಷಕರ ಅಗತ್ಯ, ಕಟ್ಟಡದ ಅಗತ್ಯ, ಹೆಚ್ಚುವರಿ ಹಣದ ಅಗತ್ಯ ಇವನ್ನು ವರ್ಷವಾರು ಅಂದಾಜಿಸಲು ಅದರಲ್ಲಿ ಜಾಗವಿದೆ, ಮತ್ತು ಸರ್ಕಾರದ ಅನುದಾನಕ್ಕೆ ಈ ಯೋಜನೆಯೇ ಆಧಾರವಾಗಬೇಕೆಂದು ಕಾಯ್ದೆಯ 22ನೇ ಕಲಂ ಹೇಳುತ್ತದೆ. ಇಳಿಜಾರು, ಬಳಸಬಹುದಾದ ಶೌಚಾಲಯ, ಬ್ರೈಲ್ ಪುಸ್ತಕ, ಸಂಪನ್ಮೂಲ ಶಿಕ್ಷಕರು ವಾರಕ್ಕೆ ಎಷ್ಟು ಗಂಟೆ ಬೇಕು ಎಂಬ ಲೆಕ್ಕ ಇವೆಲ್ಲ ಹೋಗಬೇಕಾದದ್ದು ಈ ದಾಖಲೆಗೆ. ಸಮಿತಿಯ ಅಧ್ಯಕ್ಷರು ಅಥವಾ ಉಪಾಧ್ಯಕ್ಷರು ಮತ್ತು ಸಂಚಾಲಕರು ಸಹಿ ಮಾಡಿ ಆರ್ಥಿಕ ವರ್ಷ ಮುಗಿಯುವ ಮೊದಲು ಅದನ್ನು ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸುತ್ತಾರೆ. ಆ ಸಹಿ ಬೀಳುವುದಕ್ಕೆ ಒಂದು ತಿಂಗಳಾದರೂ ಮುಂಚೆ ಯೋಜನೆಯ ಕರಡು ಅಂಗವೈಕಲ್ಯವಿರುವ ಪ್ರತಿ ಮಗುವಿನ ಮನೆಯವರ ಕೈಗೆ, ಶಾಲೆಗೆ ಬಾರದ ಮಕ್ಕಳ ಮನೆಯವರ ಕೈಗೂ, ತಲುಪಬೇಕು. ಅವರು ಹೇಳಿದ್ದನ್ನೂ, ಅದರಲ್ಲಿ ಯಾವುದನ್ನು ಯಾವ ಕಾರಣಕ್ಕೆ ಸೇರಿಸಲಾಗಲಿಲ್ಲ ಎಂಬುದನ್ನೂ ನಡಾವಳಿಯಲ್ಲಿ ಬರೆಯಬೇಕು. ಇದಕ್ಕೆ ಯಾವ ಸರ್ಕಾರದ ಹೊಸ ಆದೇಶವೂ ಬೇಕಿಲ್ಲ, ಸಮಿತಿಯ ಒಂದು ನಿರ್ಣಯ ಸಾಕು.